ಗುಡುಗು ಮಳೆ ಬಿಸಿಲಿನ ಸಾಲ ತೀರಿಸುವುದಿಲ್ಲ

(ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನ ಸೊಸೈಟಿ ಸಭಾಂಗಣದಲ್ಲಿ ಏಪ್ರಿಲ್ ಮೊದಲ ಭಾನುವಾರ ಆಡಿದ ಮಾತು ಇದು. ಬರೆಯುವಾಗ ಕೆಲವು ಕಡೆ ಉದ್ದ ಮಾಡಿದ್ದೇನೆ. ಅಲ್ಲಿ ತಡವರಿಸಿದ್ದನ್ನು ಇಲ್ಲಿ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಸಣ್ಣ ಜಗಳ ನಡೆಯುತ್ತಿತ್ತು. ಒಬ್ಬರ ಮೊಬೈಲ್ 36 ಡಿಗ್ರಿ ಅನ್ನುತ್ತಿತ್ತು. ಇನ್ನೊಬ್ಬರ ಕಾರು ದಾರಿಯಲ್ಲಿ 41 ತೋರಿಸಿತ್ತಂತೆ. ಮೂರನೆಯವರು, "ಎರಡೂ ಸುಳ್ಳು ಮಾರಾಯ್ರೆ, ನನ್ನ ಬೆನ್ನು ಕೇಳಿ" ಅಂದರು. ನಾನು ಮೂರನೆಯವರ ಕಡೆ. ಆದರೆ ಆ ಎರಡು ಅಂಕಿಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ.

ಹವಾಮಾನ ಇಲಾಖೆಯವರು ಉಷ್ಣತೆ ಅಳೆಯುವುದು ಬಿಸಿಲಿನಲ್ಲಿ ಅಲ್ಲ. ಬಿಳಿ ಬಣ್ಣ ಬಳಿದ ಒಂದು ಮರದ ಪೆಟ್ಟಿಗೆ ಇರುತ್ತದೆ. ಸುತ್ತಲೂ ಗಾಳಿಯಾಡುವ ಹಾಗೆ ಓರೆಯಾಗಿ ಕೂರಿಸಿದ ಪಟ್ಟಿಗಳು. ನೆಲದಿಂದ ಸುಮಾರು ಎದೆಮಟ್ಟದ ಎತ್ತರ. ಥರ್ಮಾಮೀಟರ್ ಇರುವುದು ಅದರೊಳಗೆ. ಅಂದರೆ ಪೇಪರಿನಲ್ಲಿ ಬರುವ 36 ನೆರಳಿನ ಗಾಳಿಯ ಲೆಕ್ಕ. ತೋಟದ ಬೇಲಿ ಹತ್ತಿರ ಬಿಸಿಲಲ್ಲಿ ಬಗ್ಗಿ ಕೆಲಸ ಮಾಡುವವನ ಬೆನ್ನಿನ ಲೆಕ್ಕ ಅಲ್ಲ. ಕಾರು ಅಳೆಯುವುದು ಕಾದ ಡಾಂಬರಿನ ಮೇಲಿನ ಗಾಳಿಯನ್ನು, ಜೊತೆಗೆ ತನ್ನದೇ ಎಂಜಿನ್ನಿನ ಬಿಸಿಯನ್ನು. ಮೊಬೈಲಂತೂ ಏನನ್ನೂ ಅಳೆಯುವುದಿಲ್ಲ. ಎಲ್ಲೋ ಒಂದು ಕಂಪ್ಯೂಟರ್ ನಿಮ್ಮ ಊರಿಗೆ ಹಾಕಿದ ಅಂದಾಜನ್ನು ತೋರಿಸುತ್ತದೆ, ಅಷ್ಟೇ.

ನಾನು ಹವಾಮಾನ ವಿಜ್ಞಾನಿ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮನೆ ಹಿಂದೆ ಒಂದೂವರೆ ಎಕರೆ ಅಡಕೆ ತೋಟ ಇದೆ. ಅಂಗಳದ ಮೂಲೆಯಲ್ಲಿ ಒಂದು ಮಳೆ ಮಾಪಕ ಇದೆ. 22 ವರ್ಷದಿಂದ ದಿನಾ ಬೆಳಗ್ಗೆ 8.30ಕ್ಕೆ ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇಲಾಖೆಯ ಮಳೆ ದಿನ ಶುರುವಾಗುವುದೂ ಮುಗಿಯುವುದೂ ಬೆಳಗ್ಗೆ 8.30ಕ್ಕೆ, ಅದಕ್ಕೆ ಆ ಹೊತ್ತು. ಇವತ್ತು ಹೇಳುವುದರಲ್ಲಿ ಅರ್ಧ ಓದಿದ್ದು, ಅರ್ಧ ಆ ನೋಟ್‌ಬುಕ್ಕು ಕಲಿಸಿದ್ದು.

ಮೊದಲು ಬೇಸಿಗೆಯ ಮುನ್ನೋಟದ ವಿಷಯ. ಪ್ರತಿವರ್ಷ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಿಂದ ಜೂನ್‌ವರೆಗಿನ ಅಂದಾಜು ಕೊಡುತ್ತದೆ. ಟಿವಿಯಲ್ಲಿ ಅದು "ಈ ಬಾರಿ ಸುಡಲಿದೆ ಬಿಸಿಲು" ಅಂತ ಆಗುತ್ತದೆ, ಹಿಂದೆ ಬೆಂಕಿಯ ಚಿತ್ರ ಬೇರೆ. ಇಲಾಖೆ ಹೇಳಿದ್ದು ಅಷ್ಟು ನೇರ ಅಲ್ಲ. ಅವರ ಲೆಕ್ಕ ಹೀಗಿದೆ. ಹಿಂದಿನ 30 ಬೇಸಿಗೆಗಳನ್ನು ಸಾಲಾಗಿ ಜೋಡಿಸಿ. ತುಂಬಾ ಬಿಸಿಯಾದ 10 ಒಂದು ಗುಂಪು, ನಡುವಿನ 10 ಇನ್ನೊಂದು, ತಂಪಾದ 10 ಮತ್ತೊಂದು. ಏನೂ ಗೊತ್ತಿಲ್ಲದಿದ್ದರೆ ಈ ಸಲದ ಬೇಸಿಗೆ ಯಾವ ಗುಂಪಿಗಾದರೂ ಸೇರಬಹುದು, ಮೂರಕ್ಕೂ ಸಮ ಪಾಲು. ಸಮುದ್ರದ ಬಿಸಿ, ಗಾಳಿಯ ಹರಿವು ನೋಡಿ, "ಈ ಸಲ ಬಿಸಿ ಗುಂಪಿಗೆ ಬೀಳುವ ಸಾಧ್ಯತೆ ಜಾಸ್ತಿ" ಅನ್ನುವುದೇ ಮುನ್ನೋಟ. ನಿಮ್ಮ ಮಗಳ ನಿಶ್ಚಿತಾರ್ಥದ ದಿನ ಮಳೆ ಬರುತ್ತದಾ ಅಂತ ಅದನ್ನು ಕೇಳಬಾರದು. ಅದಕ್ಕೆ ಗೊತ್ತಿಲ್ಲ.

2024ರಲ್ಲಿ ಇದು ಸರಿಯಾಗಿ ಕೂತಿತು. ದೇಶದ ಹೆಚ್ಚಿನ ಕಡೆ ವಾಡಿಕೆಗಿಂತ ಬಿಸಿ ಅಂದರು. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಮೇಲಿಂದ ಆ ಬಿಸಿಲು. ಮುಂದಿನ ವರ್ಷವೂ ಮುನ್ನೋಟ ಹೆಚ್ಚುಕಮ್ಮಿ ಅದೇ ರಾಗ ಹಾಡಿತು. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿಬಿಟ್ಟಿತು. ವಾಡಿಕೆ ಜೂನ್ 1. ಮೇ ಕೊನೆಗೆ ನಮ್ಮಲ್ಲಿ ಬಿಸಿಲಿನ ಮಾತೇ ನಿಂತು, ಕಟ್ಟಿಗೆ ಒಳಗೆ ಹಾಕಲಿಲ್ಲವಲ್ಲ ಅನ್ನುವ ಗೋಳು ಶುರುವಾಯಿತು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕಲಬುರಗಿಗೆ ಬಿಸಿಗಾಳಿ ಎಚ್ಚರಿಕೆ ಕೊಡುತ್ತಾರೆ, ನಮಗೆ ಯಾಕಿಲ್ಲ? ಬಿಸಿಗಾಳಿ ಅನ್ನಲು ಅವರಲ್ಲಿ ಒಂದು ಅಳತೆ ಇದೆ. ಬಯಲಿನಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಬೇಕು. ಅದರ ಮೇಲೆ, ವಾಡಿಕೆಗಿಂತ 4.5 ಡಿಗ್ರಿಯಾದರೂ ಏರಬೇಕು. ಶಿವಮೊಗ್ಗದಲ್ಲಿ ಏಪ್ರಿಲ್ ಮಧ್ಯಾಹ್ನದ ವಾಡಿಕೆಯೇ 35-36ರ ಸುಮಾರು. ಅದು 37-38ಕ್ಕೆ ಹೋಗಿ ಮೂರು ವಾರ ಅಲ್ಲೇ ಕೂತರೂ ಬಿಸಿಗಾಳಿ ಅನ್ನುವ ಹೆಸರು ಸಿಗುವುದಿಲ್ಲ. ಆದರೆ ಆ ಮೂರು ವಾರ ಇದೆಯಲ್ಲ, ನಮ್ಮನ್ನು ಹಿಂಡುವುದು ಅದೇ. ಒಂದು ದಿನದ 41 ಅಲ್ಲ.

ಅದರ ಮೇಲೆ ಸೆಕೆ. ದಾವಣಗೆರೆಯ 39ರಲ್ಲಿ ಬೆವರು ಬಂದಿದ್ದೇ ಗೊತ್ತಾಗುವುದಿಲ್ಲ, ಅಲ್ಲೇ ಆರುತ್ತದೆ. ಆರಿದರೇ ತಾನೆ ಮೈ ತಂಪಾಗುವುದು? ನಮ್ಮಲ್ಲಿ 36 ಇದ್ದರೂ ಗಾಳಿಯಲ್ಲಿ ಆಗಲೇ ನೀರು ತುಂಬಿದೆ. ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಬನಿಯನ್ ಬೆನ್ನಿಗೆ ಅಂಟಿಕೊಂಡಿದ್ದೇ ಬಂತು. ವಯಸ್ಸಾದವರು, ಬಿಪಿ ಮಾತ್ರೆ ತಗೊಳ್ಳುವವರು, ತೋಟದ ಕೆಲಸಕ್ಕೆ ಬರುವವರು ಇವರನ್ನೆಲ್ಲ 12ರಿಂದ 3ರ ತನಕ ನೆರಳಲ್ಲಿ ಕೂರಿಸಿ. ಮಜ್ಜಿಗೆ ಕೊಡಿ, ಮುರುಗಲು ಪಾನಕ ಕೊಡಿ, ಉಪ್ಪು ಮರೆಯಬೇಡಿ. ಯಾರಾದರೂ ತೊದಲುತ್ತಾ ಅಡ್ಡಾದಿಡ್ಡಿ ಮಾತಾಡತೊಡಗಿದರೆ ಅದು ಸುಸ್ತು ಅಲ್ಲ. ಮೈಗೆ ನೀರು ಹಾಕಿ, ಗಾಳಿ ಬೀಸಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಈಗ ಗುಡುಗಿಗೆ ಬರೋಣ. ಬಿಸಿಲೂ ಜಾಸ್ತಿ ಅನ್ನುತ್ತಾರೆ, ಮಧ್ಯಾಹ್ನ ಗುಡುಗು ಮಳೆ ಅಂತಲೂ ಅನ್ನುತ್ತಾರೆ, ಯಾವುದನ್ನು ನಂಬುವುದು? ಎರಡನ್ನೂ ನಂಬಿ. ಎರಡೂ ಒಂದೇ ಒಲೆಯ ಮೇಲಿನವು.

ಹಾಲಿನ ಪಾತ್ರೆ ನೋಡಿದ್ದೀರಲ್ಲ. ಉರಿ ಜೋರಿದ್ದರೆ ಉಕ್ಕುತ್ತದೆ. ಬೆಳಗ್ಗೆಯಿಂದ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಏರುತ್ತದೆ. ಮೇಲೆ ಹೋದಂತೆ ತಣ್ಣಗಾಗುತ್ತದೆ, ಸುಮಾರಾಗಿ ಒಂದು ಕಿಲೋಮೀಟರಿಗೆ ಆರೂವರೆ ಡಿಗ್ರಿ ಕಮ್ಮಿ. ಗಾಳಿಯಲ್ಲಿದ್ದ ಆವಿ ಹನಿಯಾಗುತ್ತದೆ. ಹನಿಯಾಗುವಾಗ ಅದು ಬಿಡುವ ಶಾಖ ಇದೆಯಲ್ಲ, ಅದು ಮೋಡವನ್ನು ಇನ್ನೂ ಮೇಲಕ್ಕೆ ದೂಡುತ್ತದೆ. ಹೀಗೆ ದೂಡಿಸಿಕೊಂಡು 12 ಕಿಲೋಮೀಟರ್‌ಗಿಂತ ಎತ್ತರ ಹೋಗುವ ಮೋಡಗಳಿವೆ. ಐದು ಕಿಲೋಮೀಟರಿಂದ ಆಚೆ ನೀರು ಹೆಪ್ಪುಗಟ್ಟುವ ಚಳಿ. ಕೆಳಗೆ ನಾವು ಬೀಸಣಿಗೆ ಹಿಡಿದು ಕೂತಿರುವಾಗ ಮೇಲೆ ಮಂಜಿನ ಹರಳುಗಳು ಒಂದಕ್ಕೊಂದು ಉಜ್ಜಿಕೊಂಡು ವಿದ್ಯುತ್ತು ಕೂಡಿಸುತ್ತಿರುತ್ತವೆ. ಆಲಿಕಲ್ಲು ಬರುವುದೂ ಅಲ್ಲಿಂದಲೇ.

ಬರೀ ಉರಿ ಸಾಲದು, ಪಾತ್ರೆಯಲ್ಲಿ ಹಾಲೂ ಬೇಕು. ಇಲ್ಲದಿದ್ದರೆ ಬಳ್ಳಾರಿ, ರಾಯಚೂರಿನಲ್ಲಿ ನಮಗಿಂತ ಜೋರಾಗಿ ಗುಡುಗಬೇಕಿತ್ತು. ನಮಗೆ ಹಾಲು ಎರಡು ಕಡೆಯಿಂದ ಬರುತ್ತದೆ. ಪಡುವಣದಿಂದ ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುತ್ತದೆ. ಮೂಡಣದಿಂದ ಬಂಗಾಳ ಕೊಲ್ಲಿಯ ತೇವದ ಗಾಳಿ ಬಯಲು ದಾಟಿ ಬರುತ್ತದೆ. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿ ಸಂಧಿಸುವ ಒಂದು ಗೆರೆ ಆಗಾಗ ಎಳೆದುಕೊಳ್ಳುತ್ತದೆ. "ಟ್ರಫ್" ಅಂತ ಸುದ್ದಿಯಲ್ಲಿ ಬರುವುದು ಅದೇ. ಆ ಗೆರೆ ಹತ್ತಿರ ಇದ್ದ ದಿನ ನಮ್ಮಲ್ಲಿ ಮೂರು ಗಂಟೆ ಮೇಲೆ ಮೋಡ ಕಟ್ಟುತ್ತದೆ. ಸಂಜೆ ಹೊತ್ತಿಗೆ ಕರಾವಳಿಯವರು ಘಟ್ಟದ ಕಡೆ ಕಣ್ಣು ಹಾಯಿಸುವುದು ಇದಕ್ಕೇ. ಮಳೆಗಾಲದಲ್ಲಿ ಅವರ ಮಳೆ ನಮಗೆ ಬರುತ್ತದೆ, ಬೇಸಿಗೆಯಲ್ಲಿ ನಮ್ಮ ಗುಡುಗು ಅವರಿಗೆ ಹೋಗುತ್ತದೆ.

ಇಲ್ಲಿ ನಾನು ಹೇಳಬೇಕೆಂದು ಬಂದ ಮಾತು ಇದೆ. ಒಂದು ಗುಡುಗು ಮಳೆ ಹೊಯ್ದರೆ ನಾವೆಲ್ಲ ಬೇಸಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಮಣ್ಣಿನ ವಾಸನೆ ಮೂಗಿಗೆ ಬಂದಿದ್ದೇ ಬುದ್ಧಿ ಹೋಗುತ್ತದೆ. ನನ್ನದೂ ಹೋಗಿತ್ತು. ಒಂದು ವರ್ಷ ಏಪ್ರಿಲ್ 10ಕ್ಕೆ 31 ಮಿಲಿಮೀಟರ್ ಬಂತು. ಅಂಗಳದಲ್ಲಿ ನೀರು ಹರಿಯಿತು. ಮೋಟಾರ್ ಬಂದ್ ಮಾಡಿ, ನೀರು ಬಿಡುವ ಹುಡುಗನಿಗೆ "ಇನ್ನು ಬೇಡ ಬಿಡಪ್ಪ" ಅಂತ ಹೇಳಿ, ಮಗಳ ಮನೆಗೆ ಬೆಂಗಳೂರಿಗೆ ಹೋದೆ. 18 ದಿನ ಬಿಟ್ಟು ಬಂದೆ. ತೋಟಕ್ಕೆ ಕಾಲಿಟ್ಟರೆ ಚಪ್ಪಲಿ ಕೆಳಗೆ ಎಳೆ ಅಡಕೆ ಪಟಪಟ ಅನ್ನುತ್ತಿತ್ತು. ಬೆರಳ ತುದಿಯಷ್ಟು ಹಸಿರು ಕಾಯಿ, ತೊಟ್ಟು ಕಂದಿ ಉದುರಿದ್ದು. ಹೊಂಬಾಳೆಯ ಕಡ್ಡಿಗಳು ಬರಿದಾಗಿ ಪೊರಕೆಯ ಹಾಗೆ ನಿಂತಿದ್ದವು. ಆ ವರ್ಷದ ಫಸಲು ಎಷ್ಟು ಅಂತ ಕೇಳಬೇಡಿ, ಮನೆಯವಳು ಇಲ್ಲೇ ಕೂತಿದ್ದಾಳೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4000 ಲೀಟರ್ ನೀರು. ಒಂದು ಇಂಚು, ಅಂದರೆ 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್. 5000 ಲೀಟರಿನ ಟ್ಯಾಂಕರ್ ಆದರೆ 20 ಲೋಡು. ಕೇಳಲು ಎಷ್ಟು ಚೆನ್ನಾಗಿದೆ! ಈಗ ಖರ್ಚಿನ ಕಡೆ ನೋಡಿ. ಈ ಬಿಸಿಲಿನಲ್ಲಿ ನೆಲ ಮತ್ತು ಗಿಡ ಸೇರಿ ದಿನಕ್ಕೆ 5 ಮಿಲಿಮೀಟರ್ ಆಸುಪಾಸು ನೀರನ್ನು ಆವಿ ಮಾಡಿ ಬಿಡುತ್ತವೆ. 20 ಲೋಡು ನೀರು ಐದು ದಿನಕ್ಕೆ ಖಾಲಿ. ಅದೂ ಬಿದ್ದ ಹನಿಯೆಲ್ಲ ಇಂಗಿದರೆ. ಮಳೆ ಬಂದಿದ್ದು ಅರ್ಧ ಗಂಟೆ, ನಮ್ಮದು ಇಳಿಜಾರು, ನೆಲ ಎರಡು ತಿಂಗಳು ಕಾದು ಹಂಚಿನ ಹಾಗೆ ಗಟ್ಟಿಯಾಗಿದೆ. ಅರ್ಧ ನೀರು ಹಳ್ಳಕ್ಕೆ ಹೋಯಿತು ಅಂದುಕೊಂಡರೂ ಉಳಿದಿದ್ದು ಎರಡೂವರೆ ದಿನದ ನೀರು. ನಾನು ಹೋಗಿದ್ದು 18 ದಿನ.

ಡ್ರಿಪ್ ಇದ್ದವರು ಅಡಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಅಂತ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುತ್ತಾರೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 540ರಷ್ಟು ಮರ ಬರುತ್ತವೆ, ಒಟ್ಟು ದಿನಕ್ಕೆ ಸುಮಾರು 10 ಸಾವಿರ ಲೀಟರ್. ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿ ನೀರು ಇರುವವರು ಅದೃಷ್ಟವಂತರು. ಉಳಿದವರು ಮಳೆ ಬಂದರೆ ಎರಡು-ಮೂರು ದಿನ ನಿಲ್ಲಿಸಿ. ಆಮೇಲೆ ಬುಡದ ಹತ್ತಿರ ಒಂದು ಗೇಣು ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿದರೆ ಇನ್ನೊಂದು ದಿನ ಕಾಯಿರಿ. ಪುಡಿಯಾದರೆ ಮೋಟಾರ್ ಹಾಕಿ. ಬುಡಕ್ಕೆ ದರಗು, ಸೋಗೆ, ಸೊಪ್ಪು ಏನಾದರೂ ಮುಚ್ಚಿರಿ. ತೋಟವನ್ನು ಅಂಗಳದ ಹಾಗೆ ಗುಡಿಸಿ ಇಡುವವರನ್ನು ಕಂಡರೆ ನನಗೆ ಈಗ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಮಳೆ ಬಂದ ಸಂಜೆ ಎಂಟು-ಹತ್ತು ಡಿಗ್ರಿ ಇಳಿದು ರಗ್ಗು ಹೊದೆಯುವ ಹಾಗಾಗುತ್ತದೆ. ಮರುದಿನ ಹನ್ನೊಂದಕ್ಕೆ ಬಿಸಿಲು ಏರುತ್ತದೆ, ನಿನ್ನೆಯ ನೀರೆಲ್ಲ ಆವಿಯಾಗಿ ಗಾಳಿಗೆ ಸೇರುತ್ತದೆ. ಸೆಕೆ ನಿನ್ನೆಗಿಂತ ಜಾಸ್ತಿ. ಮಳೆ ಬಂದ ಮರುದಿನವೇ ಕೆಲಸದವರು ತಲೆ ತಿರುಗಿ ಕೂರುವುದನ್ನು ನಾನು ನೋಡಿದ್ದೇನೆ.

ಇನ್ನು, ಈ ಮಳೆಗೆ ನ್ಯಾಯ ಗೊತ್ತಿಲ್ಲ. ಒಂದು ದಿನ ನನ್ನ ಮಾಪಕದಲ್ಲಿ 42 ಮಿಲಿಮೀಟರ್. ಗುಡ್ಡದಾಚೆ ನಾಲ್ಕು ಕಿಲೋಮೀಟರ್ ದೂರದಲ್ಲಿ ತಂಗಿಯ ಮನೆ. ರಾತ್ರಿ ಫೋನ್ ಮಾಡಿ, "ಅಣ್ಣ, ಗುಡುಗು ಬರೀ ಕೇಳಿಸ್ತು. ಇಲ್ಲಿ ಅಂಗಳದ ಧೂಳೂ ಅಡಗಿಲ್ಲ" ಅಂದಳು. ಗುಡುಗಿನ ಮೋಡದ ಅಗಲವೇ ಅಷ್ಟು, ಕೆಲವು ಕಿಲೋಮೀಟರ್. ಒಂದು ಗಂಟೆ ಬಾಳುತ್ತದೆ. ಹಾಗಾಗಿ ಯಾವ ಹಳ್ಳಿಯ ಮೇಲೆ ಅಂತ ಮೂರು ದಿನ ಮುಂಚೆ ಹೇಳಲು ಯಾರಿಂದಲೂ ಆಗುವುದಿಲ್ಲ. "ಅಲ್ಲಲ್ಲಿ ಮಳೆ" ಅಂತ ಕೇಳಿ ನೀವು ಬೈಯುತ್ತೀರಿ. ಅದಕ್ಕೂ ಒಂದು ಲೆಕ್ಕ ಇದೆ. ಇಲಾಖೆಯ "ಐಸೊಲೇಟೆಡ್" ಅನ್ನುವ ಮಾತಿನ ಅರ್ಥ, ಆ ಭಾಗದ ಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಮ್ಮಿ ಕಡೆ ಮಳೆ. ಅಂದರೆ ನಾಲ್ಕರಲ್ಲಿ ಮೂರು ಊರಿಗೆ ಬರುವುದಿಲ್ಲ ಅಂತಲೇ ಅವರು ಹೇಳಿರುತ್ತಾರೆ. ನಾವು ಕೇಳಿಸಿಕೊಳ್ಳುವುದು "ಮಳೆ" ಅನ್ನುವ ಮಾತನ್ನು ಮಾತ್ರ.

ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಬಿತ್ತು ಅಂತ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕ ಇಟ್ಟಿದ್ದಾರೆ. ಮುಂದಿನ ಮೂರು ಗಂಟೆಗೆ ಇಲಾಖೆ "ನೌಕಾಸ್ಟ್" ಅಂತ ಕೊಡುತ್ತದೆ, ಮಧ್ಯಾಹ್ನದ ಮೇಲೆ ನೋಡಬೇಕಾದ್ದು ಅದನ್ನು. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ "ದಾಮಿನಿ" ಆ್ಯಪ್ ಇದೆ. ಇಷ್ಟೆಲ್ಲ ಇದ್ದರೂ ಆಕಾಶ ನೋಡುವುದನ್ನು ಬಿಡಬೇಡಿ. ಹನ್ನೆರಡಕ್ಕೆ ಹೂಕೋಸಿನ ಹಾಗೆ ಮೋಡ ಉಬ್ಬತೊಡಗಿ, ಎರಡಕ್ಕೆ ಅದರ ನೆತ್ತಿ ಚಪ್ಪಟೆಯಾಗಿ ಒಂದು ಕಡೆಗೆ ಹರಡಿಕೊಂಡರೆ ಅದು ಗುಡುಗುವ ಮೋಡ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ನುಗ್ಗಿದರೆ ಮಳೆ ಬಾಗಿಲಿಗೆ ಬಂತು ಅಂತ. ಬಾಳೆ ಉರುಳುವುದು, ಅಡಕೆ ಮರ ಮುರಿಯುವುದು ಆ ಗಾಳಿಗೇ.

ಸಿಡಿಲಿನ ಮಾತಿಗೆ ನಗಬೇಡಿ. 2019ರಿಂದ 2022ರವರೆಗೆ ದೇಶದಲ್ಲಿ ಪ್ರತಿವರ್ಷ 2800ಕ್ಕಿಂತ ಹೆಚ್ಚು ಜನ ಸಿಡಿಲಿಗೆ ಸತ್ತಿದ್ದಾರೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಗದ್ದೆಗೇ ಬರಬಹುದು. ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕಾರಿನೊಳಗೆ ಪರವಾಗಿಲ್ಲ, ಬೈಕ್ ಮೇಲೆ ಬೇಡ. ಬಯಲಲ್ಲಿ ಸಿಕ್ಕಿಬಿದ್ದರೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ. ಅಡಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಇರುವವರು ಕಿವಿಗೊಡಿ. ಹಗುರ ಇದೆ ಅಂತ ಅದನ್ನು ಬಿದಿರು ಅಂದುಕೊಳ್ಳಬೇಡಿ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದ ಮೇಲೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯುವ ಹಟ ಬೇಡ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಅಂತ ದೂರ ನಿಲ್ಲುವವರಿದ್ದಾರೆ. ಹೊಡೆಯುವುದಿಲ್ಲ. ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು, ನಾಡಿ ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಇಷ್ಟು ಗೊತ್ತಿದ್ದೂ ನಾನು ಒಂದು ಟಿವಿ ಸುಟ್ಟುಕೊಂಡೆ. ಪ್ಲಗ್ ಎಲ್ಲ ತೆಗೆದಿದ್ದೆ, ಮಾಡಿನ ಮೇಲಿನ ಡಿಶ್‌ನ ಕೇಬಲ್ ತೆಗೆಯಲು ಮರೆತಿದ್ದೆ. ಅದು ಆ ದಾರಿಯಲ್ಲಿ ಬಂತು.

ಮಾತು ಮುಗಿಸಿದ ಮೇಲೆ ಮೂರು ಪ್ರಶ್ನೆ ಬಂದವು. ಮುಂದಿನ ಸಾಲಿನಲ್ಲಿದ್ದ ಅಜ್ಜ ಕೇಳಿದರು: "ಇದೆಲ್ಲ ಸರಿ ಮಾಷ್ಟ್ರೇ, ಭರಣಿ ಮಳೆ ಆಗ್ತದಾ ಇಲ್ವಾ ಹೇಳಿ." ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ. ನಾನು ಹೇಳಿದೆ, ಅಜ್ಜ, ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಭರಣಿ ಅಂದರೆ ಏಪ್ರಿಲ್ 27ರಿಂದ ಮೇ 11ರ ಆಸುಪಾಸು. ಆ ಹೊತ್ತಿಗೆ ಎರಡು ಕಡೆಯ ತೇವವೂ ಕೂಡಿರುತ್ತದೆ, ಹಾಗಾಗಿ ಹಿರಿಯರ ಲೆಕ್ಕ ಹುಸಿ ಅಲ್ಲ. ಅದು ನೂರಾರು ವರ್ಷದ ಅನುಭವದ ವಾಡಿಕೆ. ಆದರೆ ವಾಡಿಕೆ ಬೇರೆ, ಈ ವರ್ಷದ ಮಾತು ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಭರಣಿ ಪೂರ್ತಿ ಒಣಗಿದ ವರ್ಷಗಳೂ ಇವೆ. ಅಜ್ಜನಿಗೆ ಸಮಾಧಾನ ಆಗಲಿಲ್ಲ. "ಹಂಗಾದ್ರೆ ನಿಮಗೂ ಗೊತ್ತಿಲ್ಲ ಅನ್ನಿ" ಅಂದರು. ಹೌದು ಅಂದೆ.

ಕಾಲೇಜು ಹುಡುಗನೊಬ್ಬ ಕೇಳಿದ, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಆ ಕಡೆಯೂ ಬೇಸಿಗೆಯಲ್ಲಿ ಬಾವಿ ಯಾಕೆ ಇಳಿಯುತ್ತದೆ? ಒಳ್ಳೆಯ ಪ್ರಶ್ನೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಹಳ್ಳ ಸೇರಿ ಹೊರಟುಹೋಗಿರುತ್ತದೆ. ಸಂಬಳವೆಲ್ಲ ನಾಲ್ಕು ತಿಂಗಳಲ್ಲಿ ಬಂದು, ಉಳಿತಾಯ ಇಲ್ಲದವನ ಮನೆಯ ಹಾಗೆ.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬರು ಅಕ್ಕ ಎದ್ದರು. "ಹಲಸಿನಕಾಯಿ ಹಪ್ಪಳ ಹಾಕೋದು ಯಾವಾಗ?" ಎಲ್ಲರೂ ನಕ್ಕರು. ನನಗೆ ಇದು ಉಳಿದೆರಡಕ್ಕಿಂತ ಸುಲಭ ಅನ್ನಿಸಿತು. ರಾತ್ರಿಯೇ ಹಿಟ್ಟು ಅಣಿ ಮಾಡಿಕೊಂಡು ಬೆಳಗ್ಗೆ ಬೇಗ ಒತ್ತಿ, ಎಂಟಕ್ಕೆ ಚಾಪೆ ಮೇಲೆ ಹಾಕಿ, ಎರಡು ಗಂಟೆಗೆ ಎತ್ತಿಬಿಡಿ, ಮೂರರ ತನಕ ಆಸೆ ಮಾಡಬೇಡಿ ಅಂದೆ.

"ಅಷ್ಟು ನಮಗೂ ಗೊತ್ತು ಮಾಷ್ಟ್ರೇ. ಎರಡು ಗಂಟೆಗೆ ಎತ್ತಿದ್ದು ಅರೆಬರೆ ಒಣಗಿರ್ತದೆ. ಅದನ್ನ ರಾತ್ರಿ ಎಲ್ಲಿಡೋದು ಅಂತ ಕೇಳಿದ್ದು. ಮೊದಲಾದ್ರೆ ಒಲೆ ಮೇಲೆ ಅಟ್ಟ ಇತ್ತು. ಈಗ ಗ್ಯಾಸು."

ಫ್ಯಾನ್ ಕೆಳಗೆ ಹರಡಿ ಅಂದೆ.

"ಗುಡುಗಿದ ದಿನ ಕರೆಂಟ್ ಎಲ್ಲಿರ್ತದೆ?" ಅಂದರು ಅವರು.